ಕಲಂ 60 ಮತ್ತು ನಮ್ಮ ಕಟ್ಟೆಯ ಸಂತೆ

ಕೆಲಸ ಹೋದ ಮೇಲೆ ಮನುಷ್ಯನಿಗೆ ಮನೆಯ ಸಾಮಾನು ಕಣ್ಣಿಗೆ ಬೀಳಲು ಶುರುವಾಗುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ ಕತ್ತಲಾದ ಮೇಲೆ ಕೊಳಗಲ್ಲಿಗೆ ಮರಳುವವನಿಗೆ ಅಟ್ಟದ ಮೇಲೇನಿದೆ, ಮಂಚದ ಕೆಳಗೇನಿದೆ ಎಂದು ನೋಡುವ ಪುರಸೊತ್ತು ಎಲ್ಲಿಂದ ಬರಬೇಕು? ನಾನು ಜೀನ್ಸ್ ಪ್ಯಾಂಟು ಹೊಲಿಸುವ ಒಂದು ಕಡೆ ಲೆಕ್ಕ ಬರೆಯುತ್ತಿದ್ದೆ. "ಸ್ವಲ್ಪ ದಿನ ಮನ್ಯಾಗಿರ್ರಿ, ಆರ್ಡರ್ ಬಂದಮೇಲೆ ನಾವೇ ಕರೀತೀವಿ" ಎಂದರು. ಆರ್ಡರು ಬಂತೋ ಇಲ್ಲವೋ, ಕರೆಯಂತೂ ಬರಲಿಲ್ಲ. ಹಗಲುಹೊತ್ತಿನಲ್ಲಿ ಪಡಸಾಲೆಯಲ್ಲಿ ಮಲಗಿ ಮೇಲೆ ನೋಡಿದಾಗ ಅಟ್ಟ ಕಂಡಿತು. ಅಟ್ಟದ ಮೇಲೆ ಡಬ್ಬದಂಥ ಹಳೇ ಟಿವಿ, ಕೆಟ್ಟಿಲ್ಲದಿದ್ದರೂ ಮೂಲೆ ಸೇರಿದ್ದ ಕೂಲರ್, ಮದುವೆಯಲ್ಲಿ ಬಂದು ಇನ್ನೂ ಡಬ್ಬಿಯಿಂದ ಆಚೆ ಬರದ ಲೆಮನ್ ಸೆಟ್ಟುಗಳು, ಮಗ ಕೂತು ಬೆಳೆದ ಮೂರು ಗಾಲಿ ಸೈಕಲ್ಲು.

ಇವನ್ನೆಲ್ಲ ಬಾಗಿಲ ಮುಂದಿನ ಕಟ್ಟೆಯ ಮೇಲೆ ಹರವಿ ಮಾರಿದರೆ ಹೇಗೆ ಎಂಬ ಯೋಚನೆ ನನ್ನದಲ್ಲ. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮೊಮ್ಮಗ ಹೇಳಿದ್ದು. ಅಲ್ಲಿ ಶನಿವಾರ ಬೆಳಿಗ್ಗೆ ಬೀದಿಗೊಬ್ಬರಾದರೂ ಕಾರು ನಿಲ್ಲಿಸುವ ಜಾಗದಲ್ಲಿ ಮೇಜು ಹಾಕಿ, ಒಂದೊಂದು ವಸ್ತುವಿಗೂ ಚೀಟಿ ಅಂಟಿಸಿ, ಕುರ್ಚಿಯಲ್ಲಿ ಕಾಫಿ ಕುಡಿಯುತ್ತ ಕೂರುತ್ತಾರಂತೆ. ಡಾಕ್ಟರ ಮನೆಯವರೂ ಮಾಡುತ್ತಾರೆ, ಮೇಷ್ಟ್ರ ಮನೆಯವರೂ ಮಾಡುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಚ್-1ಬಿ ವೀಸಾದ ಮೇಲಿರುವ ನಮ್ಮ ಹುಡುಗರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಸಿಗದಿದ್ದರೆ ಮಂಚ, ಸೋಫಾ, ಕಾರು ಎಲ್ಲ ಮಾರಿ ವಿಮಾನ ಹತ್ತಬೇಕು. ಆಗ ಮೊದಲು ಹೋಗುವುದು ಕುಕ್ಕರು, ಗ್ರೈಂಡರು ಎಂದ. ಕೊಳ್ಳುವವರು ಯಾರು? ಆ ವಾರವಷ್ಟೇ ಬಂದಿಳಿದ ಇನ್ನೊಂದು ಕನ್ನಡದ ಅಥವಾ ತೆಲುಗಿನ ಸಂಸಾರ. ಒಬ್ಬರ ಕಷ್ಟದ ಕುಕ್ಕರಿನಲ್ಲಿ ಇನ್ನೊಬ್ಬರ ಮೊದಲ ಅನ್ನ.

ಆದರೆ ಇದು ಅಮೆರಿಕವಲ್ಲ, ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು. ಮನೆಯ ಸಾಮಾನು ಬೀದಿಗೆ ಬಂದರೆ ಇಲ್ಲಿ ಜನಕ್ಕೆ ತಿಳಿಯುವುದು ಒಂದೇ ಅರ್ಥ. ಅಪ್ಪ ಅದನ್ನು ಬಾಯಿಬಿಟ್ಟೇ ಹೇಳಿದರು: "ಜಪ್ತಿ ಆತು ಅಂತಾರಲೇ." ಅವರ ಕಾಲದಲ್ಲಿ ಸಾಲ ತೀರಿಸದವನ ಮನೆಗೆ ಕೋರ್ಟಿನ ಅಮೀನ ಬರುತ್ತಿದ್ದ, ತಳವಾರ ಡಂಗುರ ಹೊಡೆಯುತ್ತಿದ್ದ, ಹಂಡೆ ಕೊಡ ಎಲ್ಲ ಬಾಗಿಲ ಹೊರಗೆ ಸಾಲಾಗಿ ಕೂರುತ್ತಿದ್ದವು. ಕೊಳ್ಳಲು ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ಹಾಗೆ ಹರಾಜಾದ ಮನೆಯ ಮಗಳಿಗೆ ಗಂಡು ಹುಡುಕುವುದು ಎಷ್ಟು ಕಷ್ಟವಾಯಿತು ಎಂಬ ಕಥೆಯನ್ನು ಅಪ್ಪ ಅವತ್ತು ಎರಡನೇ ಸಲ ಹೇಳಿದರು. ನಮ್ಮ ಬಳ್ಳಾರಿಯಲ್ಲಿ ದಂಡು ಇದ್ದಾಗ ದೊರೆಗಳೂ ವರ್ಗವಾದಾಗ ಮೇಜು ಕುರ್ಚಿ ಹರಾಜು ಹಾಕಿ ಹೋಗುತ್ತಿದ್ದರಲ್ಲ ಎಂದೆ. "ಅವ್ರು ಹೋಗೋರು. ನಾವು ಇಲ್ಲೇ ಇರೋರು" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆದರೂ ಜಪ್ತಿಯ ಮಾತೇ ನನಗೆ ದಾರಿ ತೋರಿಸಿತು. ನಮ್ಮ ಷಡ್ಡಕ ಬಳ್ಳಾರಿ ಕೋರ್ಟಿನಲ್ಲಿ ವಕೀಲ. ಅವನನ್ನು ಕೇಳಿದೆ: ಅಮೀನ ಬಂದರೆ ಮನೆಯಲ್ಲಿ ಏನೇನು ಮುಟ್ಟುವಂತಿಲ್ಲ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಕಲಂ 60 ಎಂದ. ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆ ಜಪ್ತಿ ಮಾಡುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ಕಸುಬುದಾರನ ಉಪಕರಣ, ಬೇಸಾಯದವನಾದರೆ ನೇಗಿಲು, ದನ, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಲೆಕ್ಕದ ಪುಸ್ತಕ ಮುಟ್ಟುವಂತಿಲ್ಲ. ಕೊನೆಯದನ್ನು ಕೇಳಿ ಗುಮಾಸ್ತನಾದ ನನಗೆ ಎದೆ ತುಂಬಿ ಬಂತು. ಎಲ್ಲ ಹೋದರೂ ಲೆಕ್ಕ ಉಳಿಯುತ್ತದೆ ಎಂದು ಬ್ರಿಟಿಷರು ಬರೆದಿಟ್ಟಿದ್ದಾರೆ.

ನನಗೆ ಅನಿಸಿದ್ದಿಷ್ಟು: ಸಾಲಗಾರನ ಮೇಲೆ ಕರುಣೆಯಿಂದ ಸರಕಾರ ಬರೆದ ಈ ಪಟ್ಟಿ ಕೆಲಸ ಹೋದವನ ಪಟ್ಟಿಯೂ ಹೌದು. ಇದರೊಳಗೆ ಬಂದದ್ದನ್ನು ಮಾರಬಾರದು, ಬರದದ್ದೆಲ್ಲ ಕಟ್ಟೆಗೆ ಬರಬಹುದು. ಕೈ ಬಿಗಿಯಾದಾಗ ನಮ್ಮವರು ಮಾಡುವುದು ಇದರ ತಿರುವುಮುರುವು. ಮೊದಲು ಬಂಗಾರ ಅಡವಿಗೆ ಹೋಗುತ್ತದೆ, ಆಮೇಲೆ ಎಮ್ಮೆ ಹೋಗುತ್ತದೆ, ಹೊಲಿಗೆ ಮಷಿನ್ನು ಹೋಗುತ್ತದೆ. ಅಟ್ಟದ ಮೇಲಿನ ಲೆಮನ್ ಸೆಟ್ಟು ಮಾತ್ರ ಕದಲುವುದಿಲ್ಲ.

ಈ ಬುದ್ಧಿ ನನಗೆ ಸುಮ್ಮನೆ ಬಂದದ್ದಲ್ಲ. ಜೀನ್ಸಿಗೆ ಸೇರುವ ಮೊದಲು ನಾನು ಅದಿರು ಲಾರಿಗಳ ವೇಬ್ರಿಡ್ಜಿನಲ್ಲಿದ್ದೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ಕಾಲದಲ್ಲಿ ಹೊಲ ಅಡವಿಟ್ಟು ಲಾರಿ ಕೊಂಡವರು ಊರೂರಿಗೂ ಇದ್ದರು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಎರಡೇ ದಿನಕ್ಕೆ, 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ಉಳಿಯಬೇಕಾದರೆ ಅದು ಆಗಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗುಡ್ಡ ಕರಗಿಸಿದವರು ಬೇರೆ, ಲಾರಿಯ ಕಂತು ಕಟ್ಟುತ್ತಿದ್ದವರು ಬೇರೆ. ಡ್ರೈವರು, ಕ್ಲೀನರು, ಪಂಕ್ಚರಿನವರು, ರಸ್ತೆ ಬದಿ ಇಡ್ಲಿ ಅಂಗಡಿಯವಳು, ನಾನು, ಎಲ್ಲ ಒಂದೇ ವಾರದಲ್ಲಿ ಮನೆ ಸೇರಿದೆವು. ಲಾರಿಯವರೆಲ್ಲ ಒಟ್ಟಿಗೇ ಮಾರಲು ಹೊರಟರು. ಎಲ್ಲರೂ ಮಾರುವ ವಸ್ತುವನ್ನು ಕೊಳ್ಳುವವರು ಯಾರು? ಕೆಲವು ಫೈನಾನ್ಸಿನವರ ಅಂಗಳ ಸೇರಿದವು, ಕೆಲವು ನಿಂತಲ್ಲೇ ತುಕ್ಕು ಹಿಡಿದವು, ಕೆಲವು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋದವು. ಟನ್ನುಗಟ್ಟಲೆ ಅದಿರು ತೂಗಿದ ಲಾರಿಯನ್ನೇ ತಕ್ಕಡಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರೆಲ್ಲ ಮಾರುವಾಗ ಮಾರಬಾರದು, ಊರ ಕೈಯಲ್ಲಿ ದುಡ್ಡಿರುವಾಗ ಮಾರಬೇಕು ಎಂದು ಆಗಲೇ ಗಂಟು ಹಾಕಿಕೊಂಡಿದ್ದೆ.

ಊರ ಕೈಯಲ್ಲಿ ದುಡ್ಡು ಯಾವಾಗ? ನಮ್ಮ ಕಡೆ ಕಾಲುವೆ ನೀರಿನ ಭತ್ತ ಮಾರಿದ ಮೇಲೆ, ಮೆಣಸಿನಕಾಯಿ ಒಣಗಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬಂದ ಮೇಲೆ. ಅಂದರೆ ಶಿವರಾತ್ರಿಗೂ ಯುಗಾದಿಗೂ ನಡುವೆ. ಆಗಲೇ ಹೋಳಿ ಹುಣ್ಣಿಮೆಯ ಸುಮಾರಿಗೆ ಕುರುಗೋಡಿನ ದೊಡ್ಡಬಸವೇಶ್ವರ ತೇರು. ಜಾತ್ರೆಗೆ ಮುಂಚೆ ಮಾರಿಕೊಂಡರೆ ಸರಿ, ಜಾತ್ರೆ ಮುಗಿದ ಮೇಲೆ ಯಾರ ಜೇಬಿನಲ್ಲೂ ಏನೂ ಇರುವುದಿಲ್ಲ. ಇನ್ನೊಂದು ಅನುಕೂಲ, ಯುಗಾದಿಗೆ ಎಲ್ಲರೂ ಮನೆ ಸಾರಿಸಿ ಸುಣ್ಣ ಬಳಿಯುತ್ತಾರೆ. ಹೊರಗೆ ಸಾಮಾನು ಬಂದರೆ ಸುಣ್ಣಕ್ಕೆ ಎಂದುಕೊಳ್ಳಲಿ.

ತಿಂಗಳು ಗೊತ್ತಾದರೂ ವಾರ ಗೊತ್ತಾಗಲಿಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ವಸ್ತು ಆಚೆ ಹೋದರೆ ಲಕ್ಷ್ಮಿಯೂ ಹಿಂದೆಯೇ ಹೊರಡುತ್ತಾಳೆ ಎಂದು ಹೆಂಡತಿ. ಶನಿವಾರ ಕಬ್ಬಿಣ ಯಾರೂ ಕೊಳ್ಳುವುದಿಲ್ಲ, ನನ್ನ ಸಾಮಾನಿನಲ್ಲಿ ಅರ್ಧ ಕಬ್ಬಿಣವೇ. ಸೋಮವಾರ ಬಸವಣ್ಣನ ವಾರ. ಅಮಾವಾಸ್ಯೆ ಅಂತೂ ಕೇಳಲೇಬೇಡಿ. ಬುಧ, ಗುರುವಾರ ಜನ ಕೆಲಸಕ್ಕೆ ಹೋಗಿರುತ್ತಾರೆ. ಉಳಿದದ್ದು ಭಾನುವಾರ, ಅದೂ ಬೆಳಿಗ್ಗೆ ಹತ್ತರೊಳಗೆ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎನ್ನುತ್ತಾರಲ್ಲ, ಹತ್ತು ಹೊಡೆದ ಮೇಲೆ ನಮ್ಮ ಓಣಿಯಲ್ಲಿ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ಅಮೆರಿಕದವರಿಗೂ ನಮ್ಮ ಪಂಚಾಂಗಕ್ಕೂ ಒಂದು ದಿನದ ವ್ಯತ್ಯಾಸ, ಅಷ್ಟೇ.

ಮಗನಿಗೆ ಮಾತ್ರ ಇದು ಹಳೇ ಕಾಲದ ಕೆಲಸ ಅನಿಸಿತು. ಫೋನಿನಲ್ಲಿ ಫೋಟೋ ಹಾಕಿದರೆ ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ ಎಂದು ಕೂಲರಿನ ಚಿತ್ರ ಓಎಲ್‌ಎಕ್ಸಿಗೆ ಹಾಕಿದ. ಹತ್ತು ಜನ "ಲಾಸ್ಟ್ ಪ್ರೈಸ್ ಎಷ್ಟು" ಎಂದು ಕೇಳಿ ಮಾಯವಾದರು. ಹನ್ನೊಂದನೆಯವನು ತಾನು ಸೈನ್ಯದಲ್ಲಿರುವುದಾಗಿ ಹಿಂದಿಯಲ್ಲಿ ಹೇಳಿ, ಚೌಕಾಸಿಯನ್ನೇ ಮಾಡದೆ ಒಪ್ಪಿ, ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಮಗ ಫೋನು ಇಟ್ಟುಬಿಟ್ಟ. ಯುಪಿಐನಲ್ಲಿ ದುಡ್ಡು ಕೊಡುವಾಗ ಪಿನ್ ಬೇಕು, ತಗೊಳ್ಳುವಾಗ ಬೇಕಿಲ್ಲ. ಇಷ್ಟು ಗೊತ್ತಿಲ್ಲದೆ ಹಳೇ ಸೋಫಾ ಮಾರಲು ಹೋಗಿ ಖಾತೆಯನ್ನೇ ಖಾಲಿ ಮಾಡಿಕೊಂಡವರು ದೇಶದ ತುಂಬ ಇದ್ದಾರೆ. ನನಗೆ ಕೇಳಿದರೆ, ಚೌಕಾಸಿ ಮಾಡದವನನ್ನು ಕಂಡ ಕೂಡಲೇ ಅನುಮಾನ ಪಡಬೇಕು. ಬಳ್ಳಾರಿ ಸೀಮೆಯವನಾದರೆ ಉಚಿತವಾಗಿ ಕೊಟ್ಟದ್ದಕ್ಕೂ ಸ್ವಲ್ಪ ಕಡಿಮೆ ಮಾಡ್ರಿ ಎನ್ನುತ್ತಾನೆ.

ಬೆಲೆ ಕಟ್ಟುವುದು ದೊಡ್ಡ ಜಗಳದ ಕೆಲಸ. ನಾವು ಕೊಟ್ಟದ್ದು ನಮಗೆ ನೆನಪಿರುತ್ತದೆ, ಕೊಳ್ಳುವವನಿಗೆ ಅದು ಬೇಕಿಲ್ಲ. ಅಂಗಡಿಯಲ್ಲಿ ಹೊಸದು ಇವತ್ತು ಎಷ್ಟಿದೆಯೋ ಅದರಲ್ಲಿ ಮೂರನೇ ಒಂದು ಪಾಲು ಎಂದು ನಾನು, ಅರ್ಧ ಎಂದು ಹೆಂಡತಿ. ಕೊನೆಗೆ ಅವಳು ಅರ್ಧ ಎಂದು ಹೇಳುವುದು, ನಾನು ನಡುವೆ ಬಾಯಿ ಹಾಕಿ ಮೂರನೇ ಒಂದಕ್ಕೆ ಇಳಿಸುವುದು ಎಂದು ಒಪ್ಪಂದವಾಯಿತು. ಕೊಳ್ಳುವವನಿಗೆ ಮನೆ ಯಜಮಾನ ಒಳ್ಳೆಯವನು ಅನಿಸಬೇಕು. ಹತ್ತು, ಇಪ್ಪತ್ತು, ಐವತ್ತು, ನೂರು ಹೀಗೆ ಇಡಿ ಇಡಿಯಾಗಿಯೇ ಬೆಲೆ, ಚಿಲ್ಲರೆ ತಂಟೆ ಬೇಡ. ತಾಮ್ರ ಹಿತ್ತಾಳೆಯನ್ನು ಕಟ್ಟೆಗೆ ತರಲೇ ಇಲ್ಲ, ಅವಕ್ಕೆ ಬಳ್ಳಾರಿಯ ಪಾತ್ರೆ ಅಂಗಡಿಯಲ್ಲೇ ತೂಕಕ್ಕೆ ಹೆಚ್ಚು. ಒಡೆದುಹೋದ ಕಬ್ಬಿಣವನ್ನು ಗುಜರಿಯವನಿಗೆಂದು ಬೇರೆ ಇಟ್ಟೆವು. ಅವನು ಬಂದಾಗ ಅವನ ತಕ್ಕಡಿಯಲ್ಲಿ ಮೊದಲು ನನ್ನ ಐದು ಕಿಲೋ ಬಟ್ಟು ಇಟ್ಟು ತೂಗಿಸಿದೆ. ವೇಬ್ರಿಡ್ಜಿನಲ್ಲಿ ಕಲಿತ ವಿದ್ಯೆ. ನಾಲ್ಕೂಕಾಲು ತೋರಿಸಿತು. ಅವನು ನಕ್ಕ, ನಾನೂ ನಕ್ಕೆ, ಬೇರೆ ತಕ್ಕಡಿ ಬಂತು.

ಕಟ್ಟೆಯ ಮೇಲೆ ಹರವಿದ್ದರಲ್ಲಿ ಮೊದಲು ಹೋದದ್ದು ಕೂಲರು. ಫೆಬ್ರವರಿಯಲ್ಲೇ ಬೆವರುವ ಊರಿನಲ್ಲಿ ಅದು ಆಶ್ಚರ್ಯವಲ್ಲ. ಎದುರು ಓಣಿಯ ಅಕ್ಕ ಒಬ್ಬರು ಬಂದು, ಗುಂಡಿ ಒತ್ತಿ, ಮುಖ ಒಡ್ಡಿ ನಿಂತು, "ಬೋಣಿ ಐತಿ, ನೋಡಿ ಹೇಳಣ್ಣ" ಎಂದರು. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ನಿಯಮ ಮಾರುವವನಿಗೆ ಎಷ್ಟು ಗೊತ್ತೋ ಕೊಳ್ಳುವವನಿಗೂ ಅಷ್ಟೇ ಗೊತ್ತಿರುತ್ತದೆ. ಬೋಣಿಗೆ ನೂರು ಕಡಿಮೆಯಾಯಿತು. ಆದರೆ ಅವರು ಕೂಲರನ್ನು ಮಗನ ತಲೆ ಮೇಲೆ ಹೊರಿಸಿಕೊಂಡು ಓಣಿ ತುಂಬ ಹೋದದ್ದು ಡಂಗುರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಎರಡನೆಯದು ನಾನು ಎಣಿಸಿರಲೇ ಇಲ್ಲ. ಮಗ ಓದಿ ಮುಗಿಸಿದ ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಎಫ್‌ಡಿಎ ಗೈಡುಗಳು. ರದ್ದಿಗೆ ಹಾಕುವವನಿದ್ದೆ. ಊರ ಹುಡುಗರು, ಪಕ್ಕದೂರ ಹುಡುಗರು ಬೈಕಿನಲ್ಲಿ ಬಂದು ನಿಂತು ಅರ್ಧ ಗಂಟೆಯಲ್ಲಿ ಖಾಲಿ ಮಾಡಿದರು. ಮಾರುವವನಿಗೂ ಕೆಲಸವಿಲ್ಲ, ಕೊಳ್ಳುವವರಿಗೂ ಇಲ್ಲ. ಒಬ್ಬ ಹುಡುಗನಂತೂ ಪುಸ್ತಕದಲ್ಲಿ ಮಗ ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನು ನೋಡಿ, "ಇವ್ರು ಪಾಸಾದ್ರಾ ಕಾಕಾ?" ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಹತ್ತು ರೂಪಾಯಿ ಕಡಿಮೆ ಮಾಡಿ ಎಂದ. ಮಾಡಿದೆ.

ಟಿವಿಯನ್ನು ಯಾರೂ ತಿರುಗಿ ನೋಡಲಿಲ್ಲ. ತೊಟ್ಟಿಲನ್ನು ಎಲ್ಲರೂ ನೋಡಿದರು, ಯಾರೂ ಕೊಳ್ಳಲಿಲ್ಲ. ತೊಟ್ಟಿಲನ್ನು ನಮ್ಮಲ್ಲಿ ಕೇಳಿ ಒಯ್ದು ತಂದುಕೊಡುತ್ತಾರೆ, ಅದಕ್ಕೆ ಬೆಲೆ ಹೇಳಿದ್ದೇ ತಪ್ಪು ಎಂಬಂತೆ ನನ್ನನ್ನು ನೋಡಿದರು. ದೇವರ ಪಟಗಳನ್ನು ಹೆಂಡತಿ ಮೊದಲೇ ತೆಗೆದು ಅರಳಿಕಟ್ಟೆಗೆ ಇಟ್ಟು ಬಂದಿದ್ದಳು.

ನಿಜವಾದ ಪೇಚು ಬಂದದ್ದು ಮುಯ್ಯಿಯ ಪಾತ್ರೆಗಳಲ್ಲಿ. ಉಪಯೋಗಿಸದ ಸ್ಟೀಲಿನ ಡಬ್ಬಿ, ಕೊಡ, ತಟ್ಟೆ ನಮ್ಮ ಅಟ್ಟದಲ್ಲಿ ಒಂದು ಅಂಗಡಿಗಾಗುವಷ್ಟಿದ್ದವು. ಅಡಿಗೆಗೆ ಬೇಕಾದದ್ದು ಕಲಂ 60ರ ಒಳಗೆ, ಇವು ಹೊರಗೆ ಎಂದು ಷಡ್ಡಕನೂ ಒಪ್ಪಿದ್ದ. ಕಟ್ಟೆಗೆ ತಂದಿಟ್ಟೆ. ಪ್ರತಿಯೊಂದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊಟ್ಟವರ ಹೆಸರು, ಮದುವೆಯ ತಾರೀಖು. ನಮ್ಮೂರಿಗೆ ಇದು ಹೊಸದೇನಲ್ಲ. ಕೊಳಗಲ್ಲಿನ ಕ್ರಿ.ಶ. 967ರ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದದ್ದನ್ನು ಹೇಳುತ್ತದೆ, ಅದಕ್ಕೇ ಇತಿಹಾಸದವರಿಗೆ ಅದು ಬೇಕು. ದೂರದ ಬಂಗಾಳದ ವರೇಂದ್ರಿಯಿಂದ ಬಂದ ಗದಾಧರನೆಂಬ ತಪಸ್ವಿ ಇಲ್ಲಿ ಕಾರ್ತಿಕೇಯನ ಗುಡಿ ಕಟ್ಟಿಸಿದ್ದೂ ಕಲ್ಲಿನ ಮೇಲಿದೆ. ಸಾವಿರ ವರ್ಷದಿಂದ ಕೊಟ್ಟವರ ಹೆಸರು ಕೊರೆದಿಡುವ ಊರಿನಲ್ಲಿ ಕೊಟ್ಟದ್ದನ್ನು ಮಾರಲು ಹೊರಟ ಮೊದಲಿಗ ನಾನೇ ಇರಬೇಕು. ಕಲ್ಲಿಗೆ ಇರುವ ಅನುಕೂಲ ಸ್ಟೀಲಿಗಿಲ್ಲ: ಕೊಟ್ಟವನು ಇನ್ನೂ ಬದುಕಿರುತ್ತಾನೆ.

ಬದುಕಿದ್ದಷ್ಟೇ ಅಲ್ಲ, ಒಂಬತ್ತು ಗಂಟೆಗೆ ಬಂದೇಬಿಟ್ಟರು. ನಮ್ಮ ಸೋದರಮಾವ. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಒಂದೊಂದೇ ಪಾತ್ರೆ ಎತ್ತಿ ನೋಡುತ್ತ ಬಂದವರು ಒಂದು ಕೊಡದ ಹತ್ತಿರ ನಿಂತರು. ಕನ್ನಡಕ ಹಾಕಿಕೊಂಡರು. ಅಕ್ಷರ ಅಕ್ಷರವಾಗಿ ತಮ್ಮ ಹೆಸರನ್ನು ತಾವೇ ಓದಿದರು. ಕಟ್ಟೆಯ ಸುತ್ತ ಇದ್ದವರೆಲ್ಲ ಸುಮ್ಮನಾದರು. ನಾನು ಗುಜರಿಯವನ ಲೆಕ್ಕವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

"ಎಷ್ಟಕ್ಕ ಹಚ್ಚೀಯಪ್ಪ ಇದನ್ನ?"

"ಮಾವ, ಅದು ತಪ್ಪಿ ಬಂದೈತಿ..."

"ರೇಟು ಕೇಳಿದೆ ನಾನು."

"ನೂರೈವತ್ತು."

ಅವರು ಜೇಬಿನಿಂದ ದುಡ್ಡು ತೆಗೆದು ಎಣಿಸಿ ನನ್ನ ಕೈಗಿಟ್ಟರು. "ಮುಂದಿನ ತಿಂಗಳು ಸಿರುಗುಪ್ಪದಾಗ ಒಂದು ಮದುವಿ ಐತಿ. ಹೊಸಾದಕ್ಕ ನಾನೂರು ಹೇಳ್ತಾರ. ನನ್ನ ಹೆಸರೂ ಹಾಕಿಸ್ಬೇಕಾಗಿತ್ತು, ಅದೂ ಉಳೀತು" ಎಂದು ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ತಾರೀಖು ನಮ್ಮ ಮದುವೆಯದಲ್ಲವೇ ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಅದನ್ನು ಯಾರು ಓದುತ್ತಾರೆ ಎಂದೆ.

ಆಮೇಲೆ ಬಾಗಿಲು ತೆರೆದಂತಾಯಿತು. ಹೆಸರುಳ್ಳವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಪಾತ್ರೆ ಹುಡುಕಿದರು. ಕೆಲವರು ನಕ್ಕರು, ಒಬ್ಬರು ಮುಖ ಊದಿಸಿಕೊಂಡು ಹೋದರು, ಅವರ ತಟ್ಟೆಯನ್ನು ಹೆಂಡತಿ ಒಳಗೆ ಒಯ್ದು ಅಡಿಗೆ ಪಾತ್ರೆಗಳ ಸಾಲಿಗೆ ಸೇರಿಸಿದಳು. ಕಲಂ 60ರ ರಕ್ಷಣೆ ಅದಕ್ಕೂ ಸಿಕ್ಕಿತು. "ಊರು ಬಿಡ್ತೀರೇನು?" ಎಂದು ಕೇಳಿದವರಿಗೆ ಅಪ್ಪನೇ ಉತ್ತರ ಕೊಡುತ್ತಿದ್ದರು: "ಯಾಕ್ ಬಿಡಾನ? ಮನಿ ಸ್ವಚ್ಛ ಮಾಡಾಕತ್ತೀವಿ." ಕಟ್ಟೆಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಜಪ್ತಿಯ ಭಯ ಅವರನ್ನು ಬಿಟ್ಟಿತೋ, ಜಪ್ತಿಯಾದರೆ ತಾವೇ ಮುಂದೆ ನಿಲ್ಲಬೇಕು ಎಂದುಕೊಂಡರೋ, ನಾನು ಕೇಳಲಿಲ್ಲ.

ಹೆಂಡತಿಯ ಒಂದು ಉಪಾಯ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಆರಕ್ಕೇ ಮಂಡಕ್ಕಿ ಒಗ್ಗರಣೆ ಹಾಕಿ, ಮಿರ್ಚಿ ಕರಿಯಲು ಎಣ್ಣೆ ಇಟ್ಟಿದ್ದಳು. ಬಂದವರು ನಿಲ್ಲಬೇಕಾದರೆ ತಿನ್ನಲು ಏನಾದರೂ ಇರಬೇಕು, ನಿಂತವನು ನೋಡುತ್ತಾನೆ, ನೋಡಿದವನು ಮುಟ್ಟುತ್ತಾನೆ, ಮುಟ್ಟಿದವನು ಕೇಳುತ್ತಾನೆ ಎಂಬುದು ಅವಳ ವಾದ. ಬೆಳಗಿನ ಬಳ್ಳಾರಿಯವನನ್ನು ಒಗ್ಗರಣೆ ಮಿರ್ಚಿಯ ಮುಂದಿನಿಂದ ಎಬ್ಬಿಸಲು ಪೊಲೀಸರೇ ಬರಬೇಕು. ಸಂಜೆ ಎಣಿಸಿದಾಗ ಅಟ್ಟದ ಸಾಮಾನಿನಿಂದ ಬಂದದ್ದು ಮಗನ ಸೆಮಿಸ್ಟರ್ ಫೀಸಿಗೆ ಆಗಿ, ಕಿರಾಣಿ ಅಂಗಡಿಯ ಬಾಕಿಗೂ ಮುಟ್ಟಿತು. ಒಗ್ಗರಣೆಯ ದುಡ್ಡನ್ನು ಅವಳು ನನಗೆ ತೋರಿಸಲಿಲ್ಲ. ಲೆಕ್ಕದ ಪುಸ್ತಕವನ್ನೂ ಜಪ್ತಿ ಮಾಡುವಂತಿಲ್ಲ ಎಂದು ನಾನೇ ಓದಿ ಹೇಳಿದ್ದೆನಲ್ಲ.

ಇನ್ನು ಹೆಂಡತಿಯ ಹೊಲಿಗೆ ಮಷಿನ್ನು. ಅದು ಪಡಸಾಲೆಯ ಒಳಗೇ ಇತ್ತು, ಮಾರಾಟಕ್ಕಿರಲಿಲ್ಲ. ಬಳ್ಳಾರಿಯ ಕೌಲ್ ಬಜಾರ್ ಕಡೆಯಿಂದ ಬಂದಿದ್ದ, ಜೀನ್ಸ್ ಕೆಲಸ ಹಂಚುವ ಮೇಸ್ತ್ರಿಯೊಬ್ಬ ಮಿರ್ಚಿ ತಿನ್ನುತ್ತ ಒಳಗೆ ಇಣುಕಿ ಅದನ್ನು ಕಂಡ. ದಪ್ಪ ಬಟ್ಟೆ ಹೊಲಿಯುವ ಗಟ್ಟಿ ಮಷಿನ್ನು, ಮೋಟರು ಕೂಡ ಹೊಸದು. ಅವನು ಹೇಳಿದ ಬೆಲೆ ಕಟ್ಟೆಯ ಮೇಲಿನ ಎಲ್ಲ ಸಾಮಾನಿನ ಬೆಲೆಗಿಂತ ಜಾಸ್ತಿ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಎಣ್ಣೆಯ ಬಾಣಲೆಯಿಂದ ತಲೆ ಎತ್ತದೆ, "ಅದು ಕಲಂ ಅರವತ್ತಣ್ಣ" ಎಂದಳು.

ಅವನಿಗೆ ಏನೂ ತಿಳಿಯಲಿಲ್ಲ. ಮಾರುವುದಿಲ್ಲ ಎಂಬುದು ಮಾತ್ರ ತಿಳಿಯಿತು. "ಮಾರಲ್ಲ ಅಂದ್ರ ಹೊಲೀರಿ ಮತ್ತ" ಎಂದ. ಜೇಬು ಹಚ್ಚಲು ಪೀಸಿಗೆ ಇಷ್ಟು, ಬೆಲ್ಟಿನ ಲೂಪಿಗೆ ಇಷ್ಟು ಎಂದು ರೇಟು ಹೇಳಿದ. ಅವಳು ಅರ್ಧ ಗಂಟೆ ಜಗಳವಾಡಿ ಲೂಪಿಗೆ ಹತ್ತು ಪೈಸೆ ಏರಿಸಿದಳು. ಈ ಸಲ ನಡುವೆ ಬಾಯಿ ಹಾಕಿ ಇಳಿಸುವ ಪಾತ್ರ ನನಗಿರಲಿಲ್ಲ.

ಈಗ ವಾರಕ್ಕೆರಡು ಸಲ ಟಾಟಾ ಏಸಿನಲ್ಲಿ ಪ್ಯಾಂಟಿನ ಗಂಟು ಬಂದು ಕಟ್ಟೆಯ ಮೇಲೆ ಇಳಿಯುತ್ತದೆ. ಹೊಲಿಗೆ ಅವಳದು. ಹೊಲಿದ ಮೇಲೆ ನೇತಾಡುವ ದಾರ ಕತ್ತರಿಸುವುದು ನನ್ನ ಪಾಲಿನ ಕೆಲಸ, ಅದಕ್ಕೂ ಪೀಸಿನ ಲೆಕ್ಕದಲ್ಲಿ ಕೂಲಿ ಬೇರೆ. ಹಳೇ ಘಟಕದಲ್ಲಿ ಇದೇ ಕೂಲಿಯನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಇಷ್ಟು ಕಡಿಮೆ ಎಂದು ಆಗ ಅನಿಸಿರಲಿಲ್ಲ. ಮೇಸ್ತ್ರಿ ಮುಂದಿನ ಸಲ ಬಂದಾಗ ಆ ಮಾತೂ ಎತ್ತಬೇಕು.